ವಕ್ರದಂತ ತಜ್ಞ: ಹೆಸರಿನ ಪಕ್ಕದ ಅಕ್ಷರಗಳ ಅರ್ಥ

ನಮ್ಮ ಕಡೆ ‘ಆರ್ಥೊಡಾಂಟಿಸ್ಟ್’ ಎನ್ನುವವರು ಕಡಿಮೆ. ಶಿರಸಿಯಿಂದ ಕಾರವಾರದವರೆಗೆ ‘ಹಲ್ಲಿಗೆ ಕ್ಲಿಪ್ ಹಾಕುವ ಡಾಕ್ಟರು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ತೊಡಕಿರುವುದು ಇಲ್ಲಿಯೇ. ಕ್ಲಿಪ್ ಹಾಕುವವರೆಲ್ಲ ಆರ್ಥೊಡಾಂಟಿಸ್ಟ್ ಅಲ್ಲ.

ಗ್ರೀಕಿನಲ್ಲಿ ‘ಆರ್ಥೋಸ್’ ಎಂದರೆ ನೇರ, ‘ಒಡೌಸ್’ ಎಂದರೆ ಹಲ್ಲು. ಕನ್ನಡದಲ್ಲಿ ‘ವಕ್ರದಂತ ತಜ್ಞ’ ಎಂದು ಬರೆಯುವುದುಂಟು. ಎರಡೂ ಹೆಸರುಗಳು ಹಲ್ಲನ್ನಷ್ಟೇ ಹೇಳುತ್ತವೆ. ನಿಜವಾದ ಕೆಲಸ ನಡೆಯುವುದು ಮೂಳೆಯಲ್ಲಿ. ಕಡಲತೀರದ ಹೊಯಿಗೆಯಲ್ಲಿ ಹುಗಿದ ಗೂಟ ಎಳೆದ ಕಡೆಗೆ ವಾಲಿಬಿಡುತ್ತದೆ; ಹಲ್ಲು ಹಾಗಲ್ಲ. ತಂತಿಯ ಒತ್ತಡ ಬಿದ್ದ ಕಡೆ ದವಡೆಯ ಮೂಳೆ ಚೂರುಚೂರೇ ಕರಗುತ್ತದೆ, ಹಿಂದೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ತಿಂಗಳಿಗೆ ಸುಮಾರು 1 ಮಿಲಿಮೀಟರ್, ಅಷ್ಟೇ ಅದರ ನಡಿಗೆ. ಬಲ ಮಿತಿಮೀರಿದರೆ ಹಲ್ಲಿನ ಬೇರು ಸವೆದು ಗಿಡ್ಡವಾಗಬಹುದು. ಹಾಗೆ ಹೋದ ಉದ್ದ ಮರಳಿ ಬರುವುದಿಲ್ಲ. ಸ್ಥಳ ಸಾಲದಿದ್ದಾಗ ಗಟ್ಟಿಮುಟ್ಟಾದ ಹಲ್ಲುಗಳನ್ನೇ ಕೀಳಬೇಕೇ ಬೇಡವೇ ಎಂಬ ತೀರ್ಮಾನವೂ ಈ ತಜ್ಞರದೇ.

ನನ್ನ ಅಕ್ಕನ ಮಗಳಿಗೆ ಒಂದು ಕ್ಲಿನಿಕ್‌ನಲ್ಲಿ ಕ್ಲಿಪ್ ಹಾಕಿಸಿದ್ದೆವು. ಎರಡು ವರ್ಷ ಕಳೆದರೂ ಮೇಲಿನ ಸಾಲು ಕೆಳಗಿನ ಸಾಲಿಗೆ ಕೂಡಲಿಲ್ಲ. ಕೊನೆಗೆ ಧಾರವಾಡದಲ್ಲಿ ತಜ್ಞರೊಬ್ಬರಿಗೆ ತೋರಿಸಿದಾಗ ಅವರು ಕೇಳಿದ ಮೊದಲ ಮಾತು: ‘ಚಿಕಿತ್ಸೆಗೆ ಮುಂಚೆ ತೆಗೆದ ತಲೆಯ ಪಕ್ಕದ ಎಕ್ಸ್‌ರೇ ಎಲ್ಲಿ?’ ಅಂಥದೊಂದನ್ನು ತೆಗೆದೇ ಇರಲಿಲ್ಲ. ದವಡೆ ಎತ್ತ ಬೆಳೆಯುತ್ತಿದೆ ಎಂದು ಅಳೆಯುವುದು ಆ ಚಿತ್ರದಿಂದಲೇ. ಅಕ್ಕ ಆ ದಿನ ಅತ್ತದ್ದನ್ನು ನಾನು ಮರೆತಿಲ್ಲ. ಫಲಕದ ಮೇಲಿನ ಅಕ್ಷರಗಳನ್ನು ನಾನು ಓದಲು ಕಲಿತದ್ದು ಆಮೇಲೆ.

‘ಬಿಡಿಎಸ್’ ಹಲ್ಲಿನ ವೈದ್ಯರ ಮೂಲ ಪದವಿ, ಐದು ವರ್ಷದ್ದು. ಅದರ ಹಲವು ವಿಷಯಗಳಲ್ಲಿ ಆರ್ಥೊಡಾಂಟಿಕ್ಸ್ ಕೂಡ ಒಂದು. ಅನಂತರ ಇದೊಂದನ್ನೇ ಮೂರು ವರ್ಷ ಓದಿ, ರೋಗಿಗಳ ಮೇಲೆ ಪಳಗಿದರೆ ‘ಎಂಡಿಎಸ್’. ಬಹಳ ಜನ ಎಡವುವುದು ಈ ಪದದಲ್ಲಿ. ಎಂಡಿಎಸ್‌ಗೆ ಒಂಬತ್ತು ಶಾಖೆಗಳಿವೆ. ವಸಡಿನ ತಜ್ಞರೂ ಎಂಡಿಎಸ್, ಮಕ್ಕಳ ಹಲ್ಲಿನ ತಜ್ಞರೂ ಎಂಡಿಎಸ್. ಶಾಖೆಯ ಹೆಸರನ್ನು ಕೇಳಲೇಬೇಕು.

ಮೂರನೆಯದು ನೋಂದಣಿ. 1948ರ ದಂತವೈದ್ಯರ ಕಾಯ್ದೆಯ ಕಾಲದಿಂದ ಹಲ್ಲಿನ ವೈದ್ಯರ ಹೆಸರು ರಾಜ್ಯದ ದಂತವೈದ್ಯ ಪರಿಷತ್ತಿನ ಪಟ್ಟಿಯಲ್ಲಿರಬೇಕು. ನಮಗೆ ಅದು ಬೆಂಗಳೂರಿನ ಕರ್ನಾಟಕ ರಾಜ್ಯ ದಂತವೈದ್ಯ ಪರಿಷತ್ತು. ಇದರ ಮೇಲೆ ‘ಬೋರ್ಡ್ ಮಾನ್ಯತೆ’ ಎಂಬುದೂ ಇದೆ. ಅಮೆರಿಕದಲ್ಲಿ ಆರ್ಥೊಡಾಂಟಿಕ್ಸ್ ಮಂಡಳಿ 1929ರಲ್ಲಿಯೇ ಹುಟ್ಟಿತು. ಭಾರತದಲ್ಲಿಯೂ ಅಂಥ ಮಂಡಳಿಯಿದೆ. ತಜ್ಞರು ತಾವಾಗಿ ತಮ್ಮ ಕೆಲಸವನ್ನು ಪರೀಕ್ಷೆಗೆ ಒಡ್ಡಿ ಪಡೆಯುವ ಮಾನ್ಯತೆ ಅದು. ಇದ್ದರೆ ಗೌರವದ ವಿಷಯ, ಇಲ್ಲದಿದ್ದರೆ ಕೊರತೆಯೇನಲ್ಲ. ಆದರೆ ತಂತಿಯ ಬದಲು ಹಲ್ಲಿಗೆ ತೊಡಿಸುವ ಪಾರದರ್ಶಕ ಅಚ್ಚುಗಳನ್ನು ಮಾರುವ ಕಂಪನಿಗಳು ಎರಡು ದಿನದ ತರಬೇತಿಗೆ ಕೊಡುವ ಪ್ರಮಾಣಪತ್ರ ಬೇರೆಯೇ. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಅದು ಮೂರು ವರ್ಷದ ಓದಿಗೆ ಸಮವಾಗುವುದಿಲ್ಲ.

ನಮ್ಮಂಥ ಊರುಗಳಲ್ಲಿ ಇನ್ನೊಂದು ಪದ್ಧತಿಯಿದೆ. ಕ್ಲಿನಿಕ್ ಬಿಡಿಎಸ್ ವೈದ್ಯರದು. ಕ್ಲಿಪ್ ಕೆಲಸಕ್ಕೆ ಹೊರಗಿನ ಪಟ್ಟಣದಿಂದ ತಜ್ಞರು ತಿಂಗಳಿಗೆ ಒಂದೆರಡು ದಿನ ಬರುತ್ತಾರೆ. ಇದು ತಪ್ಪಲ್ಲ, ಘಟ್ಟ ಹತ್ತಿಳಿಯುವ ಕಷ್ಟ ತಪ್ಪಿಸುವ ಒಳ್ಳೆಯ ಏರ್ಪಾಡು. ಆದರೆ ಬರುವವರು ಯಾರು, ಯಾವ ಶಾಖೆಯ ಎಂಡಿಎಸ್, ಮುಗಿಯುವವರೆಗೆ ಅವರೇ ನೋಡುತ್ತಾರೆಯೇ, ನಡುವೆ ತಂತಿ ಕಿತ್ತುಬಂದರೆ ಯಾರನ್ನು ಕಾಣಬೇಕು ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಅಕ್ಕನ ಮಗಳ ಹೊಸ ಫೈಲಿನ ಮೊದಲ ಹಾಳೆಯಲ್ಲಿ ಈಗ ತಜ್ಞರ ಹೆಸರು, ಶಾಖೆ, ನೋಂದಣಿ ಸಂಖ್ಯೆ ಮೂರೂ ಇವೆ. ಕೇಳಿದಾಗ ಅವರು ಬೇಸರಪಡಲಿಲ್ಲ, ತಾವೇ ಬರೆದುಕೊಟ್ಟರು.