ಪದ ಪರಿಚಯ: ಯೂರಿದ್ಮಿಕ್ಸ್

ಸಂಗೀತದ ಲಯವನ್ನು ಮೈಯ ಚಲನೆಯಿಂದಲೇ ಕಲಿಸುವ ಪದ್ಧತಿಗೆ ಯೂರಿದ್ಮಿಕ್ಸ್ ಅನ್ನುತ್ತಾರೆ. ಟೀಚರ್ ಬಾರಿಸುತ್ತಾರೆ, ಮಕ್ಕಳು ಅದನ್ನು ಕೇಳಿಸಿಕೊಂಡು ನಡೆಯುತ್ತಾರೆ, ಓಡುತ್ತಾರೆ, ಗಕ್ಕನೆ ನಿಲ್ಲುತ್ತಾರೆ. ಬಡಿತ ಮೆತ್ತಗಾದರೆ ಹೆಜ್ಜೆಯೂ ಮೆತ್ತಗೆ. ಹೆಸರು ಕೇಳಿದರೆ ದುಬಾರಿ ಶಾಲೆಯ ಸಾಮಾನು ಅನ್ನಿಸುತ್ತದೆ, ಅಲ್ವಾ? ಬೇಕಾಗಿರುವುದು ಒಂದಿಷ್ಟು ಖಾಲಿ ನೆಲ, ಬಾರಿಸಲು ಒಂದು ಹಲಗೆ (ಚರ್ಮವಾದ್ಯ) ಅಥವಾ ಸ್ಟೀಲ್ ತಟ್ಟೆ, ಅಷ್ಟೇ.

ಇದನ್ನು ಹುಟ್ಟುಹಾಕಿದವರು ಎಮಿಲ್ ಜಾಕ್-ಡಾಲ್ಕ್ರೋಜ್. 1865ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಇವರು 1892ರಿಂದ ಜಿನೀವಾದ ಸಂಗೀತ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಅಲ್ಲಿನ ವಿದ್ಯಾರ್ಥಿಗಳ ಬೆರಳು ಚುರುಕು, ಆದರೆ ತಾಳ ತಪ್ಪುತ್ತಿತ್ತು. ನುಡಿಸುವಾಗ ಲಯ ತಪ್ಪುವವರೇ ಬೀದಿಯಲ್ಲಿ ಒಂದೇ ಹದದಲ್ಲಿ ನಡೆದು ಹೋಗುವುದನ್ನು ಡಾಲ್ಕ್ರೋಜ್ ಗಮನಿಸಿದರು. ಲಯ ಕಾಲಲ್ಲಿ ಇದೆ, ಕೈಗೆ ಬಂದಿಲ್ಲ. ಹಾಗಾದರೆ ಕಾಲಿನಿಂದಲೇ ಶುರು ಮಾಡೋಣ ಅಂದುಕೊಂಡರು. 1915ರಲ್ಲಿ ಜಿನೀವಾದಲ್ಲಿ ಅವರ ಸಂಸ್ಥೆ ಶುರುವಾಯಿತು. ದೊಡ್ಡವರಿಗಾಗಿ ಹುಟ್ಟಿದ ಪದ್ಧತಿ ನಿಧಾನಕ್ಕೆ ಪುಟ್ಟ ಮಕ್ಕಳ ಶಾಲೆಗೂ ಬಂತು.

ನಮ್ಮ ಕಲಬುರಗಿ ಕಡೆ ಇದಕ್ಕೆ ಹೇಳಿ ಮಾಡಿಸಿದ ನೆಲ ಇದೆ. ಶಹಾಬಾದ್ ಫರ್ಸಿ! ಬಹಳಷ್ಟು ಶಾಲೆ, ಅಂಗನವಾಡಿಗಳಲ್ಲಿ ಇದೇ ಕಲ್ಲು ಹಾಸಿರುತ್ತದೆ. ಬರಿಗಾಲಲ್ಲಿ ಅದರ ಮೇಲೆ ನಡೆದರೆ ಪ್ರತಿ ಹೆಜ್ಜೆಯೂ ಪಟ್ ಪಟ್ ಎಂದು ಕೇಳುತ್ತದೆ. ಮೊದಲು ಸುಮ್ನೆ ನಡೆಯಲು ಬಿಡಿ. ಹಲಗೆ ಮಗುವಿನ ಹೆಜ್ಜೆಯ ಹಿಂದೆ ಹೋಗಲಿ. ನಾಲ್ಕೈದು ವರ್ಷದ ಮಗುವಿನ ಸಹಜ ಲಯ ನಮ್ಮದಕ್ಕಿಂತ ವೇಗ, ನಮ್ಮ ಗತಿಯನ್ನು ಅದರ ಮೇಲೆ ಹೇರಿದರೆ ಮೊದಲ ದಿನವೇ ಆಟ ಕೆಡುತ್ತದೆ. ಆಮೇಲೆ ಫರ್ಸಿಯ ಗೆರೆಯನ್ನು ಲೆಕ್ಕಕ್ಕೆ ತನ್ನಿ: ಒಂದು ಬಡಿತಕ್ಕೆ ಒಂದು ಗೆರೆ ದಾಟಬೇಕು. ಬಡಿತ ನಿಧಾನ ಮಾಡಿ ನೋಡಿ. ಒಂದು ಕಾಲು ಮೇಲೆತ್ತಿ ಮುಂದಿನ ಬಡಿತಕ್ಕೆ ಕಾಯುತ್ತಾ ಮಗು ತೂರಾಡುತ್ತದೆ, ಪಕ್ಕದವನ ಅಂಗಿ ಹಿಡಿಯುತ್ತದೆ. ಓಡುವುದು ಸುಲಭ, ನಿಧಾನವೇ ಕಷ್ಟ. ತೂಕ ಹಿಡಿಯುವುದು, ಕಾಯುವುದು, ಕಿವಿಗೊಡುವುದು, ಮೂರೂ ಒಟ್ಟಿಗೇ ಆಗಬೇಕಲ್ಲ! ಬಡಿತ ನಿಂತಾಗ ಕಲ್ಲಾಗಿ ನಿಲ್ಲುವ ಆಟದಲ್ಲೂ ಇದೇ ನಡೆಯುತ್ತದೆ: ಓಡುವ ಕಾಲನ್ನು ಮಗು ತಾನೇ ತಡೆಯಬೇಕು. ಸಾಲಿನಲ್ಲಿ ನಿಲ್ಲು, ನಿನ್ನ ಸರದಿಗೆ ಕಾಯಿ ಎಂದು ನಾವು ದಿನವಿಡೀ ಗದರುವುದೂ ಇದೇ ತಡೆಗಾಗಿ ತಾನೇ.

ಇನ್ನು ಓದು ಬರಹ. ಕನ್ನಡದಲ್ಲಿ ಇದರ ಉಪಯೋಗ ಜಾಸ್ತಿ ಅನ್ನುವುದು ನನ್ನ ಅನಿಸಿಕೆ. ಕ-ಲ-ಬು-ರ-ಗಿ ಎಂದು ಐದು ಚಪ್ಪಾಳೆ ತಟ್ಟಿದ ಮಗು ಮುಂದೆ ಬರೆಯುವುದೂ ಐದೇ ಅಕ್ಷರ. ಹ್ರಸ್ವ, ದೀರ್ಘದ ತಪ್ಪು ಒಂದನೇ ತರಗತಿಯ ದೊಡ್ಡ ಗೋಳು. ಹೆಜ್ಜೆಯಲ್ಲಿ ಹೇಳಿಸಿ ನೋಡಿ. ‘ಬಳೆ’ಗೆ ಎರಡು ಪುಟ್ಟ ಹೆಜ್ಜೆ. ‘ಬಾಳೆ’ಗೆ ಒಂದು ಎಳೆದ ಹೆಜ್ಜೆ, ಒಂದು ಪುಟ್ಟದು. ‘ಕತೆ’ ಸರಾಗ ಹೋಗುತ್ತದೆ, ‘ಕತ್ತೆ’ಯಲ್ಲಿ ನಡುವೆ ಒಂದು ತಡೆ ಬೇಕು. ಇಲ್ಲಿ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ನಗಲಿ. ಲಘು, ಗುರು ಎಂದು ಹೈಸ್ಕೂಲಲ್ಲಿ ಪ್ರಸ್ತಾರ ಹಾಕಿಸುತ್ತೇವಲ್ಲ, ಅದರ ಬೇರು ಇಲ್ಲೇ ಇದೆ.

ಇದೆಲ್ಲ ಬರೀ ಉತ್ಸಾಹದ ಮಾತಲ್ಲ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೀನಾ ಕ್ರೌಸ್ ತಂಡ 2014ರಲ್ಲಿ ಮೂರು, ನಾಲ್ಕು ವರ್ಷದ ಮಕ್ಕಳನ್ನು ಪರೀಕ್ಷಿಸಿತು. ಡ್ರಮ್ ಬಡಿತಕ್ಕೆ ಸರಿಯಾಗಿ ಬಡಿಯಬಲ್ಲ ಮಕ್ಕಳು ಮಾತಿನ ಸದ್ದುಗಳನ್ನು ಬಿಡಿಸಿ ಗುರುತಿಸುವುದರಲ್ಲೂ ಮುಂದಿದ್ದರು. ಎರಡೂ ಜೊತೆಗಿವೆ ಎಂದಷ್ಟೇ ಇದರ ಅರ್ಥ. ಕುಣಿಸಿದರೆ ಓದು ತಾನಾಗಿ ಬರುತ್ತದೆ ಎಂದು ಯಾರಾದರೂ ಹೇಳಿ ಫೀಸ್ ಕೇಳಿದರೆ ನಂಬಬೇಡಿ.

2009ರಲ್ಲಿ ಜರ್ಮನಿಯ ಸಂಸ್ಥೆಯೊಂದರ ಸಂಶೋಧಕರಾದ ಕಿರ್ಶ್ನರ್ ಮತ್ತು ಟೊಮಸೆಲ್ಲೋ ಕಂಡುಕೊಂಡದ್ದು ನನಗೆ ಇನ್ನೂ ಇಷ್ಟ. ಯಂತ್ರ ಬಾರಿಸುವುದಕ್ಕಿಂತ ಎದುರಿಗೆ ಮನುಷ್ಯ ಕೂತು ಬಾರಿಸಿದರೆ ಪುಟ್ಟ ಮಕ್ಕಳು ಲಯಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತಾರೆ. ಅಂದರೆ ಬ್ಲೂಟೂತ್ ಸ್ಪೀಕರ್‌ಗಿಂತ ಟೀಚರ್ ಕೈಯ ತಟ್ಟೆಯೇ ವಾಸಿ. ಸ್ಪೀಕರ್ ಮಗುವಿಗಾಗಿ ಕಾಯುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆಗಳಿಗೆ ಇನ್ನೊಂದು ಲಾಭ ಇದೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ. ಬೀದರ್‌ನ ಭಾಲ್ಕಿ, ಔರಾದ್ ಕಡೆ ಮರಾಠಿ, ಯಾದಗಿರಿಯ ಗುರುಮಠಕಲ್ ಕಡೆ ತೆಲುಗು, ಪಟ್ಟಣದ ಓಣಿಗಳಲ್ಲಿ ಉರ್ದು. ಶಾಲೆಯ ಕನ್ನಡ ಇನ್ನೂ ಅರ್ಥವಾಗದೆ ಮೂಲೆಯಲ್ಲಿ ಕೂತಿರುವ ಮಗುವಿಗೂ ಹಲಗೆಯ ಬಡಿತ ತಿಳಿಯುತ್ತದೆ. ಆಟಕ್ಕೆ ಬಂದ ಮೇಲೆ ‘ನಿಲ್ಲು’, ‘ಹಿಂದೆ’, ‘ಮೆಲ್ಲಗೆ’ ಎಂಬ ಮಾತುಗಳನ್ನು ಕಾಲಿನ ಜೊತೆಗೇ ಕಲಿಯುತ್ತದೆ. ಇಲ್ಲಿನ ಮಕ್ಕಳು ಲಯಕ್ಕೆ ಹೊಸಬರೂ ಅಲ್ಲ. ಮೊಹರಂ ಬಂದರೆ ಅಲಾಯಿ ಕುಣಿಯ (ಬೆಂಕಿ ಹಾಕುವ ಗುಂಡಿಯ) ಸುತ್ತ ಹೆಜ್ಜೆ ಹಾಕುವವರ ಹಿಂದೆ ಚಡ್ಡಿ ಹುಡುಗರ ಸಾಲೂ ಇರುತ್ತದೆ. ಆ ಹೆಜ್ಜೆಯನ್ನು ಶಾಲೆಯೊಳಗೂ ತರಬಹುದು.

ಹಾಗಾದರೆ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಹಾಡು, ಅಭಿನಯ ಇದ್ದೇ ಇದೆಯಲ್ಲ, ಹೊಸದೇನು? 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಹಾಡು ಆಟಗಳನ್ನು ತರಗತಿಯೊಳಗೆ ತಂದಿತು, ನಿಜ. ಆದರೆ ಅಭಿನಯ ಗೀತೆಯಲ್ಲಿ ಮಗು ಟೀಚರ್‌ನ ಕೈ ನೋಡಿ ಮಾಡುತ್ತದೆ. ಯೂರಿದ್ಮಿಕ್ಸ್‌ನಲ್ಲಿ ಕಿವಿಯಿಂದ ಕೇಳಿ ಹೇಗೆ ಚಲಿಸಬೇಕೆಂದು ತಾನೇ ತೀರ್ಮಾನಿಸುತ್ತದೆ. ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್ ಡ್ಯಾನ್ಸ್ ಅಂತೂ ಇದಕ್ಕೆ ಪೂರ್ತಿ ಉಲ್ಟಾ. ಎರಡು ತಿಂಗಳು ಒಂದೇ ಹಾಡು, ಒಂದೇ ಸ್ಟೆಪ್, ಲಯ ಸಿಗದ ಮಗು ಹಿಂದಿನ ಸಾಲಿಗೆ. ಹೆಚ್ಚು ಅಭ್ಯಾಸ ಬೇಕಾಗಿದ್ದದ್ದೇ ಆ ಮಗುವಿಗೆ.

ಹತ್ತು ಹದಿನೈದು ನಿಮಿಷ ಸಾಕು. ಪಕ್ಕದ ಕ್ಲಾಸಿನವರು ಗಲಾಟೆ ಎನ್ನುತ್ತಾರೆ, ವರಾಂಡಕ್ಕೆ ಹೋಗಿ. ಬೇಸಿಗೆಯ ಬೆಳಗಿನ ಶಾಲೆ ಇದ್ದಾಗ ಫರ್ಸಿ ತಣ್ಣಗಿರುವ ಮೊದಲ ಪೀರಿಯಡ್ ಒಳ್ಳೆಯದು. ಬಿಸಿಯೂಟ ಆದ ಕೂಡಲೇ ಮಾತ್ರ ಬೇಡ, ಹೊಟ್ಟೆ ತುಂಬಿದ ಮಕ್ಕಳನ್ನು ಕುಣಿಸಿದರೆ ಆಮೇಲೆ ನೆಲ ಒರೆಸುವವರು ನೀವೇ.