ನೆಲದಡಿಯ ರೇಡಾನ್: ಕ್ಲಿಂಟನ್‌ನ ಹತ್ತು ಮನೆಗಳಿಂದ ಶುರುವಾದದ್ದು

1984ರ ಡಿಸೆಂಬರ್. ಪೆನ್ಸಿಲ್ವೇನಿಯಾದ ಲಿಮೆರಿಕ್ ಅಣುಸ್ಥಾವರದಲ್ಲಿ ಇನ್ನೂ ವಿದ್ಯುತ್ ಉತ್ಪಾದನೆಯೇ ಆರಂಭವಾಗಿರಲಿಲ್ಲ. ಆದರೂ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಾಸ್ ಒಳಗೆ ಬಂದರೆ ಸಾಕು, ವಿಕಿರಣದ ಅಲಾರಂ ಬಡಿದುಕೊಳ್ಳುತ್ತಿತ್ತು. ಹುಡುಕುತ್ತಾ ಹೋದರೆ ಮೂಲ ಸಿಕ್ಕಿದ್ದು ಅವರ ಮನೆಯಲ್ಲೇ: ಲೀಟರ್ ಗಾಳಿಗೆ ಸುಮಾರು 2,700 ಪಿಕೋಕ್ಯೂರಿ (ವಿಕಿರಣ ಅಳೆಯುವ ಮಾನ) ರೇಡಾನ್ ಎಂಬ ವಿಕಿರಣಶೀಲ ಅನಿಲ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಪ್ರಕಾರ 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮನೆ ಸರಿಪಡಿಸಬೇಕು. ವಿಚಿತ್ರವೆಂದರೆ ಪಕ್ಕದ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ.

ಮಣ್ಣಿನ ಯುರೇನಿಯಂನಿಂದ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗಾಲದಲ್ಲಿ ಬೆಚ್ಚಗಿನ ಗಾಳಿ ಮೇಲೇರಿ ಹೊರಹೋಗುತ್ತಿದ್ದಂತೆ ಮನೆಯೇ ಬಿರುಕುಗಳ ಮೂಲಕ ನೆಲದಡಿಯ ಗಾಳಿಯನ್ನು ಹೀರುತ್ತದೆ. ವರ್ಷಗಟ್ಟಲೆ ಉಸಿರಿನಲ್ಲಿ ಸೇರುತ್ತಿದ್ದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ.

ವಾಟ್ರಾಸ್ ಮನೆಯಡಿಯ ಯುರೇನಿಯಂ ಇರುವ ಶಿಲಾಪಟ್ಟಿ ಪಕ್ಕದ ನ್ಯೂಜೆರ್ಸಿಗೂ ಚಾಚಿದೆ. 1986ರಲ್ಲಿ ಅಲ್ಲಿನ ಕ್ಲಿಂಟನ್ ಊರಿನ ಒಂದು ಬಡಾವಣೆಯಲ್ಲಿ ರೇಡಾನ್ ವಿಪರೀತ ಎಂದು ತಿಳಿದಾಗ ಇಪಿಎ ಕರಪತ್ರ ಹಂಚಿ ಸುಮ್ಮನಾಗಲಿಲ್ಲ. ಹತ್ತು ಮನೆಗಳನ್ನು ಆರಿಸಿ ಪ್ರಾತ್ಯಕ್ಷಿಕೆಯಾಗಿ ಸರಿಪಡಿಸಿತು. ನಮ್ಮ ಲೆಕ್ಕದಲ್ಲಿ ಅದೇ ಸರಿಯಾದ ದಾರಿ. ಕಣ್ಣಿಗೆ ಕಾಣದ ಅಪಾಯದ ಬಗ್ಗೆ ಎಷ್ಟು ಹೆದರಿಸಿದರೂ ಜನ ಒಂದು ವಾರದಲ್ಲಿ ಮರೆಯುತ್ತಾರೆ. ಪಕ್ಕದ ಮನೆಯ ಗೋಡೆಗೆ ರೇಡಾನ್ ಹೊರಹಾಕುವ ಪೈಪು ಏರಿದರೆ ಖರ್ಚೆಷ್ಟು ಎಂದು ಕೇಳುತ್ತಾರೆ.

ಕೆನಡಾದಲ್ಲಿ ಊರಿಗೆ ನೂರು ಪರೀಕ್ಷಾ ಕಿಟ್ ಹಂಚುವ ಕಾರ್ಯಕ್ರಮದ ಹಿಂದಿರುವುದೂ ಇದೇ ತರ್ಕ. ಅಲ್ಲಿ ಚಳಿಗಾಲದಲ್ಲಿ ಮೂರು ತಿಂಗಳು ಅಳೆಯುತ್ತಾರೆ. ಅಮೆರಿಕದಲ್ಲಿ ಮನೆ ಕೊಳ್ಳುವಾಗ ಸಾಮಾನ್ಯವಾಗಿ ನಡೆಯುವುದು ಕೆಲವೇ ದಿನಗಳ ಪರೀಕ್ಷೆ. ನ್ಯೂಜೆರ್ಸಿಯಲ್ಲಿ ಮನೆ ನೋಡುತ್ತಿರುವ ಕನ್ನಡಿಗರಿಗೂ ಇದು ಎದುರಾಗುತ್ತದೆ. ಈ ಪರೀಕ್ಷೆಗೆ 12 ಗಂಟೆ ಮೊದಲೇ ಕಿಟಕಿ ಮುಚ್ಚಿ, ಮುಗಿಯುವವರೆಗೂ ತೆರೆಯಬಾರದು. ಕಿಟ್ ಅನ್ನು ವಾಸಕ್ಕೆ ಬಳಸುವ ತೀರಾ ಕೆಳಗಿನ ಅಂತಸ್ತಿನಲ್ಲಿ, ನೆಲದಿಂದ 20 ಇಂಚಾದರೂ ಮೇಲೆ ಇಡಬೇಕು. ಅಡುಗೆಮನೆ, ಬಚ್ಚಲು ಬೇಡ.

ಅಳತೆ ಹೆಚ್ಚು ಬಂದರೆ ಕಾಂಕ್ರೀಟ್ ನೆಲ ಕೊರೆದು, ಅಡಿಯ ಮಣ್ಣನ್ನು ಒಂದೆರಡು ಬಕೆಟ್ ತೆಗೆದು, 3 ಅಥವಾ 4 ಇಂಚಿನ ಪಿವಿಸಿ ಪೈಪನ್ನು ಸೂರಿನ ಮೇಲಕ್ಕೆ ಒಯ್ಯುತ್ತಾರೆ. ನೆಲದಡಿಯ ಗಾಳಿಯನ್ನು ಪೈಪಿನ ಮೂಲಕ ಎಳೆದು ಹೊರಹಾಕುವ ಫ್ಯಾನ್ ನೆಲಮಾಳಿಗೆಯಲ್ಲಿ ಕೂರಕೂಡದು. ಅದರ ಮುಂದಿನ ಪೈಪು ಎಲ್ಲಾದರೂ ಸೋರಿದರೆ ಸಾಂದ್ರ ರೇಡಾನ್ ಮನೆಯೊಳಕ್ಕೇ ನುಗ್ಗುತ್ತದೆ. ಬಿರುಕಿಗೆ ಸೀಲೆಂಟ್ ಬಳಿಯುವುದೊಂದೇ ಸಾಲದು, ಅದು ಫ್ಯಾನಿಗೆ ಸಹಾಯಕ ಅಷ್ಟೇ. ಪೈಪಿಗೆ ಅಂಟಿಸಿದ ಯು ಆಕಾರದ ನಳಿಗೆಯಲ್ಲಿ ಎರಡೂ ಕಡೆ ದ್ರವ ಸಮನಾಗಿದ್ದರೆ ಫ್ಯಾನ್ ಎಳೆಯುತ್ತಿಲ್ಲ ಎಂದರ್ಥ. ಎರಡು ವರ್ಷಕ್ಕೊಮ್ಮೆ ಮತ್ತೆ ಅಳೆಯಬೇಕು.