ಸರ್ಕಾರಿ ಶಾಲೆಗೆ ಡ್ರಾಯಿಂಗ್ ಮೇಷ್ಟ್ರು ಬೇಕು ಅಂತ ಕೇಳಬಹುದಾ?

ಪ್ರಶ್ನೆ: ನನ್ನ ಮಗಳು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸು. ಚಿತ್ರ ಬಿಡಿಸೋದು ಅಂದ್ರೆ ಅವಳಿಗೆ ಪ್ರಾಣ. ಶಾಲೆಯಲ್ಲಿ ಕಲಿಸುವವರೇ ಇಲ್ಲ. ಡ್ರಾಯಿಂಗ್ ಮೇಷ್ಟ್ರು ಇರಬೇಕು ಅಂತ ನಿಯಮ ಇಲ್ವಾ?

ಇದೆ. ಆದರೆ ಅದರಲ್ಲಿ ಒಂದು ತಲೆ ಎಣಿಕೆ ಇದೆ, ಅದನ್ನು ಮೊದಲು ನೋಡೋಣ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಗೆ ಒಂದು ಪಟ್ಟಿ ಇದೆ. ಶಾಲೆಯಲ್ಲಿ ಏನೇನು ಇರಲೇಬೇಕು ಅಂತ ಹೇಳುವ ಪಟ್ಟಿ. 6ರಿಂದ 8ನೇ ತರಗತಿವರೆಗೆ ಮಕ್ಕಳ ದಾಖಲಾತಿ 100 ದಾಟಿದರೆ ಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಾನುಭವ (ಕೈಯಾರೆ ಕೆಲಸ ಮಾಡಿ ಕಲಿಯುವುದು) ಈ ಮೂರಕ್ಕೂ ಅರೆಕಾಲಿಕ ಬೋಧಕರು ಬೇಕು ಅಂತ ಅದರಲ್ಲಿದೆ. ಆ ತರಗತಿಗಳಲ್ಲಿ 40 ಮಕ್ಕಳಿರುವ ಹಳ್ಳಿ ಶಾಲೆಗೆ ಈ ಮಾತು ತಾಗುವುದೇ ಇಲ್ಲ. 1ರಿಂದ 5ನೇ ತರಗತಿಗಂತೂ ಕಲಾ ಬೋಧಕರ ಹೆಸರೇ ಇಲ್ಲ. ಮಗುವಿನ ಕೈ ತಾನಾಗಿ ಬಣ್ಣದ ಕಡೆ ಹೋಗುವ ವಯಸ್ಸು ಅದೇ ಅಲ್ವಾ? ಕಾಯ್ದೆ ಓದುವಾಗ ನನಗೆ ಜಾಸ್ತಿ ನೋವಾಗುವುದು ಇಲ್ಲೇ.

ಹತ್ತನೇ ತರಗತಿವರೆಗೂ ಕಲೆ ಕಡ್ಡಾಯ ವಿಷಯ ಆಗಲಿ ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಆದರೆ ನಮ್ಮ ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಹೆಚ್ಚಿನ ಮಕ್ಕಳಿಗೆ ಚಿತ್ರದಿಂದ ಬರುವುದು ಒಂದೂ ಇಲ್ಲ. ಹಾಗಾಗಿ ವೇಳಾಪಟ್ಟಿಯಲ್ಲಿ ‘ಚಿತ್ರಕಲೆ’ ಅಂತ ಬರೆದಿದ್ದರೂ ಆ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ನಾನು ಓದಿದ ಶಾಲೆಯಲ್ಲೂ ಹಾಗೇ ಆಗುತ್ತಿತ್ತು. ತಂದ ಬಣ್ಣದ ಪೆನ್ಸಿಲ್ ಹಾಗೇ ವಾಪಸ್ ಬ್ಯಾಗಿಗೆ.

‘ಪ್ರತಿಭಾ ಕಾರಂಜಿ ಮಾಡ್ತೀವಲ್ಲ’ ಅಂತ ಶಾಲೆಯವರು ಹೇಳಬಹುದು. ಕ್ಲಸ್ಟರ್‌ನಿಂದ ತಾಲ್ಲೂಕು, ಜಿಲ್ಲೆ, ರಾಜ್ಯದವರೆಗೆ ಹೋಗುವ ಒಳ್ಳೆಯ ಸ್ಪರ್ಧೆ ಅದು. ಎಷ್ಟೋ ಮಕ್ಕಳು ಮೊದಲ ಸಲ ಮೈಕ್ ಹಿಡಿದದ್ದು ಅಲ್ಲೇ. ಆದರೆ ಸ್ಪರ್ಧೆ ಬೇರೆ, ಪಾಠ ಬೇರೆ. ಆಗಲೇ ಚೆನ್ನಾಗಿ ಹಾಡುವ ನಾಲ್ಕು ಮಕ್ಕಳು ವೇದಿಕೆ ಹತ್ತುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಆ ಉಳಿದವರಿಗೆ ಕಲಿಸುವುದೇ ಶಾಲೆಯ ಕೆಲಸ.

ಇನ್ನು ಕಲಿಸುವ ರೀತಿ. ಯಾವುದೇ ಮಗುವಿಗೆ ‘ಒಂದು ಚಿತ್ರ ಬಿಡಿಸು’ ಅನ್ನಿ. ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲಿ ತೆಂಗಿನ ಮರ, ಒಂದು ಗುಡಿಸಲು. ಗದಗದ ಎರೆಹೊಲದ ನಡುವೆ ಬೆಳೆದ ಮಗುವೂ ಇದನ್ನೇ ಬಿಡಿಸುತ್ತದೆ. ತನ್ನ ಮನೆ ಮುಂದಿನ ಜೋಳದ ಹೊಲ, ಬಣವೆ, ಕಟ್ಟಿದ ಎತ್ತು ಹಾಳೆಗೆ ಬರುವುದೇ ಇಲ್ಲ. ಯಾಕಂದ್ರೆ ಯಾರೂ ಅದನ್ನು ‘ನೋಡು’ ಅಂತ ಹೇಳಿಲ್ಲ, ಬೋರ್ಡ್ ನೋಡಿ ಇಳಿಸು ಅಂತ ಹೇಳಿದ್ದಾರೆ ಅಷ್ಟೆ. ಒಳ್ಳೆ ಕಲಾ ಶಿಕ್ಷಕರು ಬದಲಿಸುವುದು ಇದನ್ನೇ. ಅದಕ್ಕೆ ದುಬಾರಿ ಬಣ್ಣ ಬೇಕಿಲ್ಲ. ಇದ್ದಲು, ಕೆಮ್ಮಣ್ಣು, ಜೇಡಿಮಣ್ಣು ಸಾಕು.

ನೀವೇನು ಮಾಡಬಹುದು? ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ಹೋಗಿ. ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು ಅಂತ ಅದೇ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅಲ್ಲಿ ವೇಳಾಪಟ್ಟಿ ತೋರಿಸಿ ಅಂತ ಕೇಳಿ. ಕಲೆಯ ಪೀರಿಯಡ್ ಇದ್ದರೆ ಅದನ್ನು ಬೇರೆ ಪಾಠಕ್ಕೆ ಕೊಡಬೇಡಿ ಅಂತ ಸಭೆಯ ನಡಾವಳಿಯಲ್ಲಿ ಬರೆಸಿ. 6ರಿಂದ 8ನೇ ತರಗತಿಯ ಮಕ್ಕಳ ಸಂಖ್ಯೆ 100 ದಾಟಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಅರ್ಜಿ ಕೊಡಿ, ದಾಖಲಾತಿ ಲೆಕ್ಕವನ್ನೂ ಜೊತೆಗಿಡಿ. ದಾಟಿಲ್ಲ ಅಂದ್ರೆ ಊರಲ್ಲೇ ಹುಡುಕಿ. ಸೋಬಾನೆ ಹಾಡುವ ಅಜ್ಜಿ, ಡೊಳ್ಳು ಬಾರಿಸುವವರು, ಗಣಪತಿ ಮಾಡುವ ಕುಂಬಾರರು ಇರುತ್ತಾರಲ್ಲ. ಮುಖ್ಯ ಶಿಕ್ಷಕರು ಒಪ್ಪಿದರೆ ಶನಿವಾರ ಒಂದು ಗಂಟೆ ಅವರನ್ನು ಕರೆಸಬಹುದು. ಬಂದವರಿಗೆ ಸುಮ್ನೆ ಶಾಲು ಹೊದಿಸಿ ಕಳಿಸಬೇಡಿ, ಅವರ ದಿನದ ಕೂಲಿಯಷ್ಟಾದರೂ ಕೊಡಿ.

ಮಗಳಿಗೆ ನೋಡಿ ಬಣ್ಣ ತುಂಬುವ ಪುಸ್ತಕ ಬೇಡ, ಖಾಲಿ ಹಾಳೆ ಕೊಡಿಸಿ. ಹೈಸ್ಕೂಲು ಆರಿಸುವಾಗ ಚಿತ್ರಕಲಾ ಶಿಕ್ಷಕರಿದ್ದಾರಾ ಅಂತ ಮೊದಲೇ ವಿಚಾರಿಸಿ. ಡ್ರಾಯಿಂಗ್ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟುವ ಮಕ್ಕಳಿಗೆ ತಯಾರಿ ಮಾಡಿಸುವವರು ಸಾಮಾನ್ಯವಾಗಿ ಅವರೇ.